ಕಡಲಿಗೊಂದು ಕಾವಲು ನಾಯಿ

ಕನ್ನಂಬಾಡಿ ಕಟ್ಟೆ ಭರ್ತಿಯಾದಾಗ ಅದರಲ್ಲಿ ಸುಮಾರು 49 ಟಿಎಂಸಿ ನೀರು ನಿಂತಿರುತ್ತದೆ. ಆ ನೀರಿಗೆಲ್ಲ ಸಮನಾಗಿ ಕಾಲು ಕಿಲೋ ಬೆಂಜೊಪೈರೀನ್ ಬೆರೆತರೆ ಸಾಕು, ಯುರೋಪಿನ ಒಕ್ಕೂಟ 2013ರಲ್ಲಿ ಆ ವಸ್ತುವಿಗೆ ಹಾಕಿದ ವಾರ್ಷಿಕ ಸರಾಸರಿ ಮಿತಿಯನ್ನು ನೀರು ದಾಟಿಬಿಡುತ್ತದೆ. ಲೀಟರಿಗೆ 0.17 ನ್ಯಾನೊಗ್ರಾಂ ಎಂದು ಕಾಗದದ ಮೇಲೆ ಬರೆದರೆ ಕಣ್ಣಿಗೆ ಏನೂ ಕಾಣದು, ಕಟ್ಟೆಯನ್ನೂ ಕಿರಾಣಿ ಅಂಗಡಿಯ ತಕ್ಕಡಿಯನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಅಂದಾಜು ಸಿಗುತ್ತದೆ. ಬೆಂಜೊಪೈರೀನ್ ಅಂದರೆ ಐದು ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಅಣು. ಹಸಿ ಸೌದೆಯ ಹೊಗೆಯಲ್ಲಿ, ಡೀಸೆಲ್ ಮಸಿಯಲ್ಲಿ, ಕಚ್ಚಾತೈಲದಲ್ಲಿ, ಡಾಂಬರಿನಲ್ಲಿ ಅದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿಟ್ಟಿದೆ. ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ನ್ಯಾಫ್ತಲೀನ್ ಗುಳಿಗೆ ಇದೇ ಮನೆತನದ ಎರಡು ಉಂಗುರದ ಕಿರಿಯ ಸದಸ್ಯ. ಇಡೀ ಮನೆತನಕ್ಕೆ ಪಿಎಎಚ್ ಎಂದು ಹೆಸರು, ಬಿಡಿಸಿ ಹೇಳಿದರೆ ಬಹುಚಕ್ರೀಯ ಆರೊಮ್ಯಾಟಿಕ್ ಹೈಡ್ರೋಕಾರ್ಬನ್. ಕಡಲಿಗೆ ಸೇರುವ ಸಾವಯವ ಮಾಲಿನ್ಯಗಳ ಪಟ್ಟಿ ಉದ್ದವಾಗಿಯೇ ಇದೆ: ಕೀಟನಾಶಕ, ಹಡಗಿನ ತಳಕ್ಕೆ ಬಳಿಯುವ ಬಣ್ಣ, ಔಷಧದ ಉಳಿಕೆ. ಬಂದರು ಮತ್ತು ತೈಲ ಇರುವ ಕರಾವಳಿಯಲ್ಲಿ ಮೊದಲು ಹುಡುಕಬೇಕಾದದ್ದು ಮಾತ್ರ ಈ ಉಂಗುರದ ಅಣುಗಳನ್ನು.

ಇಷ್ಟು ಕಡಿಮೆ ಪ್ರಮಾಣವನ್ನು ಅಳೆಯಲು ರಸಾಯನಶಾಸ್ತ್ರಜ್ಞರಿಗೆ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಅಳೆಯುವ ಬಗೆಯನ್ನು ಮಾತ್ರ ಹತ್ತಿರದಿಂದ ನೋಡಬೇಕು. ದೋಣಿಯಲ್ಲಿ ಹೋಗಿ, ಬೆಳಕು ತಾಗದ ಕಂದು ಗಾಜಿನ ಬಾಟಲಿಯಲ್ಲಿ ನೀರು ತುಂಬಬೇಕು. ಪ್ಲಾಸ್ಟಿಕ್ ಬಾಟಲಿ ಆಗದು, ಹುಡುಕುತ್ತಿರುವ ಅಣುಗಳೇ ಅದರ ಗೋಡೆಗೆ ಅಂಟಿಕೊಂಡುಬಿಡುತ್ತವೆ. ದೋಣಿಯ ಎಂಜಿನ್ ಹೊಗೆಯೂ ನೀರಿಗೆ ತಾಗಬಾರದು. ಬಾಟಲಿಯನ್ನು ಮಂಜುಗಡ್ಡೆಯಲ್ಲಿಟ್ಟು ತಂದು, ಪ್ರಯೋಗಾಲಯದಲ್ಲಿ ಆಲಿಕೆಯಂಥ ಗಾಜಿನ ಪಾತ್ರೆಗೆ ಸುರಿದು, ಹೆಕ್ಸೇನ್‌ನಂಥ ದ್ರಾವಕ ಸೇರಿಸಿ ಚೆನ್ನಾಗಿ ಅಲ್ಲಾಡಿಸುತ್ತಾರೆ. ಎಣ್ಣೆಯ ಜಾತಿಯ ಅಣುಗಳೆಲ್ಲ ನೀರು ಬಿಟ್ಟು ದ್ರಾವಕಕ್ಕೆ ಹಾರುತ್ತವೆ. ದ್ರಾವಕವನ್ನು ಆವಿ ಮಾಡುತ್ತ ಮಾಡುತ್ತ ಕೊನೆಗೆ ಒಂದು ಮಿಲಿಲೀಟರಿಗೆ ಇಳಿಸಿ, ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ ಒಂದು ಹನಿಗಿಂತ ಕಡಿಮೆ ಚುಚ್ಚುತ್ತಾರೆ. ಅಣುಗಳು ಹೆಚ್ಚುಕಡಿಮೆ ತೂಕಕ್ಕೆ ತಕ್ಕಂತೆ ಒಂದರ ಹಿಂದೊಂದು ಹೊರಬರುತ್ತವೆ, ಅದರ ಆಚೆ ಇರುವ ಮಾಸ್ ಸ್ಪೆಕ್ಟ್ರೋಮೀಟರ್ ಒಂದೊಂದನ್ನೂ ಹೆಸರು ಹಿಡಿದು ಎಣಿಸುತ್ತದೆ. ಸಿಗುವ ಅಂಕಿ ಕೋರ್ಟಿನಲ್ಲಿ ನಿಲ್ಲುವಷ್ಟು ಗಟ್ಟಿ. ಆದರೆ ಆ ಅಂಕಿ ಯಾವುದರ ಕುರಿತು ಮಾತಾಡುತ್ತಿದೆ? ಒಂದು ಜಾಗದ, ಒಂದು ಗಳಿಗೆಯ, ಒಂದು ಬಾಟಲಿ ನೀರಿನ ಕುರಿತು. ಮಂಗಳೂರಿನ ಬೆಂಗರೆಯ ಅಳಿವೆಯಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುತ್ತವೆ. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರದಲ್ಲಿ ಮುಳುಗಿಸಿದ ಬಾಟಲಿಗೆ ಕಡಲು ತುಂಬುತ್ತದೆ, ಇಳಿತದಲ್ಲಿ ಮುಳುಗಿಸಿದ್ದಕ್ಕೆ ಊರು ತುಂಬುತ್ತದೆ. ತಿಂಗಳಿಗೊಮ್ಮೆಯೋ ಋತುವಿಗೊಮ್ಮೆಯೋ ಬರುವ ಬಾಟಲಿ ಯಾವ ಗಳಿಗೆಯಲ್ಲಿ ಬಂತು ಎಂಬುದರ ಮೇಲೆ ಇಡೀ ಅಳಿವೆಯ ಜಾತಕ ನಿಂತಿರುತ್ತದೆ.

ಹಾಗಾಗಿ ನನ್ನ ವಾದ ಇಷ್ಟು: ಕಡಲಿನ ಸಾವಯವ ಮಾಲಿನ್ಯದಲ್ಲಿ ನಾವು ತಪ್ಪುತ್ತಿರುವುದು ಪ್ರಮಾಣದಲ್ಲಿ ಅಲ್ಲ, ಕಾಲದಲ್ಲಿ. ಬಾಟಲಿಯ ಅಂಕಿ ಎಷ್ಟು ನಿಖರವಾದರೂ ಎರಡು ಬಾಟಲಿಗಳ ನಡುವಿನ ಮೂವತ್ತು ದಿನ ಕುರುಡಾಗಿಯೇ ಉಳಿಯುತ್ತವೆ. ನೀರಿನಲ್ಲೇ ಇದ್ದು, ಹಗಲು ರಾತ್ರಿ ಅಳೆಯುವ ರಾಸಾಯನಿಕ ಸೆನ್ಸರ್‌ಗಳು ಪ್ರಯೋಗಾಲಯದಷ್ಟು ನಿಖರವಲ್ಲ. ಆದರೂ ಅವನ್ನು ಈಗಲೇ ಕಡಲಿಗೆ ಇಳಿಸಬೇಕು, ಅವುಗಳ ಅಂಕಿ ಸಾರ್ವಜನಿಕರ ಕೈಗೆ ಸಿಗಬೇಕು, ಇನ್ನೂ ಒಳ್ಳೆಯ ಸೆನ್ಸರ್ ಬರಲೆಂದು ಕಾಯುವುದರಲ್ಲಿ ಅರ್ಥವಿಲ್ಲ. ಕಾಲ ಯಾಕೆ ಮುಖ್ಯ ಎನ್ನುವುದಕ್ಕೆ ಮೀನಿನ ಮೊಟ್ಟೆಯೇ ಸಾಕ್ಷಿ. ಮೆಕ್ಸಿಕೊ ಕೊಲ್ಲಿಯ ತೈಲ ದುರಂತದ ಬಳಿಕ ಅಮೆರಿಕದ ವಿಜ್ಞಾನಿಗಳು ಟ್ಯೂನಾ ಮೀನಿನ ಭ್ರೂಣಗಳನ್ನು ಅದೇ ತೈಲ ಬೆರೆತ ನೀರಿನಲ್ಲಿಟ್ಟು ನೋಡಿದರು. ಲೀಟರಿಗೆ 1ರಿಂದ 15 ಮೈಕ್ರೋಗ್ರಾಂ ಪಿಎಎಚ್ ಇದ್ದರೂ ಭ್ರೂಣದ ಹೃದಯದ ರಚನೆ ಮತ್ತು ಬಡಿತ ಕೆಡುತ್ತದೆ ಎಂದು 2014ರಲ್ಲಿ ಪ್ರಕಟಿಸಿದರು. ಭ್ರೂಣದಲ್ಲಿ ಹೃದಯ ಮೂಡುವುದು ಗಂಟೆಗಳ ಲೆಕ್ಕದಲ್ಲಿ. ಆ ಗಂಟೆಗಳಲ್ಲಿ ಹಾದುಹೋದ ಎಣ್ಣೆಯ ಅಲೆ ವರ್ಷದ ಸರಾಸರಿಯಲ್ಲಿ ಕರಗಿ ಮಾಯವಾಗುತ್ತದೆ, ಮರಿಗೆ ಮಾತ್ರ ಸರಾಸರಿ ಎಂಬುದು ಗೊತ್ತಿಲ್ಲ. ನಮ್ಮ ದೇಶದ ನಿಯಮಕ್ಕೂ ಈ ಅರಿವಿದೆ. ಚಿಪ್ಪು ಸಾಕಣೆ, ಉಪ್ಪಿನಗದ್ದೆ, ಸೂಕ್ಷ್ಮ ಜೀವವಲಯಗಳಿರುವ ಮೊದಲ ದರ್ಜೆಯ ಕಡಲನೀರಿನಲ್ಲಿ ಎಣ್ಣೆಯ ಅಂಶ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎಂದು ಹೇಳುವ ನಿಯಮ, ಮೀನಿನ ಮೊಟ್ಟೆ ಮರಿಗಳಿಗೆ ಹಾನಿಯಾಗುತ್ತದೆ ಎಂಬುದನ್ನೇ ಕಾರಣವಾಗಿ ಕೊಡುತ್ತದೆ. ಕಾರಣ ಮೊಟ್ಟೆಯದು, ತಪಾಸಣೆ ಕ್ಯಾಲೆಂಡರಿನದು.

ಈ ಕೆಲಸಕ್ಕೆ ಇಂದು ಅಂಗಡಿಯಲ್ಲೇ ಸಿಗುವ ಸೆನ್ಸರ್ ಪ್ರತಿದೀಪ್ತಿಯ ತತ್ವದ್ದು. ಮೊಳಕೈ ಉದ್ದದ ಲೋಹದ ಕೊಳವೆ, ಅದರ ತುದಿಗೊಂದು ಸ್ಫಟಿಕದ ಕಿಟಕಿ. ಒಳಗಿನ ದೀಪ ಅತಿನೇರಳೆ ಬೆಳಕು ಮಿಟುಕಿಸುತ್ತದೆ. ಬೆಂಜೀನ್ ಉಂಗುರಗಳು ಆ ಬೆಳಕನ್ನು ನುಂಗಿ, ಸ್ವಲ್ಪ ಶಕ್ತಿ ಕಳೆದುಕೊಂಡು, ಇನ್ನೊಂದು ಬಣ್ಣದ ಬೆಳಕಾಗಿ ಉಗುಳುತ್ತವೆ. ಎಷ್ಟು ಉಗುಳಿದವು ಎಂಬುದೇ ಅಳತೆ. ದ್ರಾವಕ ಬೇಡ, ದೋಣಿ ಬೇಡ, ಉತ್ತರಕ್ಕೆ ಒಂದು ಸೆಕೆಂಡ್ ಸಾಕು. ಇದರ ದಡ್ಡತನವೂ ಅಷ್ಟೇ ಸ್ಪಷ್ಟ. ಹೆಸರು ಹಿಡಿದು ಹೇಳಲು ಇದಕ್ಕೆ ಬಾರದು, ಉಂಗುರದ ಮನೆತನ ಬಂದಿದೆ ಎಂದಷ್ಟೇ ಹೇಳುತ್ತದೆ. ಅದಕ್ಕೆ ಎಟಕುವುದು ಮೈಕ್ರೋಗ್ರಾಂ, ಬಹಳವೆಂದರೆ ಅದರ ಹತ್ತನೇ ಒಂದು ಪಾಲು. ಯುರೋಪಿನ ಬೆಂಜೊಪೈರೀನ್ ಮಿತಿಯಾದರೋ ಇದರ ಕೈಗೆ ನೂರಾರು ಪಟ್ಟು ಕೆಳಗಿದೆ. ಇನ್ನೊಂದು ತೊಡಕು ನಮ್ಮ ಕರಾವಳಿಗೆ ವಿಶೇಷ. ಘಟ್ಟದ ಕಾಡಿನಲ್ಲಿ ಕೊಳೆತ ತರಗೆಲೆಯ ಕಷಾಯವನ್ನು ಮಳೆಗಾಲದ ಹೊಳೆಗಳು ಕಡಲಿಗೆ ತಂದು ಸುರಿಯುತ್ತವೆ, ಚಹಾದ ಬಣ್ಣದ ಆ ನೀರೂ ಅತಿನೇರಳೆ ಬೆಳಕಿಗೆ ಮಿನುಗುತ್ತದೆ. ಆಷಾಢದಲ್ಲಿ ಅಳಿವೆಯಲ್ಲಿಟ್ಟ ಸೆನ್ಸರ್, ಎಲೆರಸವನ್ನು ನೋಡಿ ಎಣ್ಣೆ ಎಂದು ಕೂಗುವ ಅಪಾಯ ಇದ್ದೇ ಇದೆ.

ಇಂಥ ದಡ್ಡ ಸಾಧನ ಏನು ಮಾಡಬಲ್ಲದು ಎಂಬುದಕ್ಕೆ 2010ರ ಮೆಕ್ಸಿಕೊ ಕೊಲ್ಲಿಯೇ ದೊಡ್ಡ ಪಾಠ. ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿತು. ಸುಮಾರು 1,500 ಮೀಟರ್ ಆಳದ ಕಡಲತಳದಲ್ಲಿದ್ದ ಬಾವಿಯಿಂದ ತೈಲ 87 ದಿನ ಉಕ್ಕಿತು. ಜಗತ್ತೆಲ್ಲ ನೋಡುತ್ತಿದ್ದದ್ದು ಉಪಗ್ರಹದ ಚಿತ್ರಗಳನ್ನು, ಅಂದರೆ ಮೇಲ್ಮೈಯನ್ನು. ತೈಲ ನೀರಿಗಿಂತ ಹಗುರ, ಆದ್ದರಿಂದ ಮೇಲಕ್ಕೇ ಬರುತ್ತದೆ ಎಂಬುದು ಬಾವಿ ನಡೆಸುತ್ತಿದ್ದ ಕಂಪನಿಯ ಮುಖ್ಯಸ್ಥ ಟೋನಿ ಹೇವರ್ಡ್ ಅವರ ವಾದವಾಗಿತ್ತು. ಅದಾಗಲೇ ಮೇ ತಿಂಗಳಲ್ಲಿ ಪೆಲಿಕನ್ ಎಂಬ ಸಂಶೋಧನಾ ಹಡಗಿನವರು ಹಗ್ಗದ ತುದಿಗೆ ಪ್ರತಿದೀಪ್ತಿಯ ಸೆನ್ಸರ್ ಕಟ್ಟಿ ಕೆಳಗೆ ಬಿಟ್ಟಿದ್ದರು. ಸ್ವಾರಸ್ಯವೆಂದರೆ ಅದು ಎಣ್ಣೆ ಹುಡುಕಲು ಮಾಡಿದ್ದೇ ಅಲ್ಲ, ಹೊಳೆಗಳು ತರುವ ಎಲೆರಸವನ್ನು ಅಳೆಯಲು ಮಾಡಿದ್ದು. ಸಾವಿರ ಮೀಟರಿನ ಕೆಳಗೆ, ಯಾವ ಹೊಳೆಯ ನೀರೂ ತಲುಪದ ಕತ್ತಲಲ್ಲಿ, ಅದರ ಗೆರೆ ಥಟ್ಟನೆ ಏರಿತು. ಅಲ್ಲೇ ಬಾಟಲಿ ತುಂಬಿದರು, ಪ್ರಯೋಗಾಲಯ ಪಿಎಎಚ್ ಎಂದು ಖಚಿತಪಡಿಸಿತು. ಜೂನ್‌ನಲ್ಲಿ ವುಡ್ಸ್ ಹೋಲ್ ಸಂಸ್ಥೆಯ ಸೆಂಟ್ರಿ ಎಂಬ ನೀರೊಳಗಿನ ರೋಬಾಟ್, ಹೊಟ್ಟೆಯಲ್ಲಿ ಪುಟ್ಟ ಮಾಸ್ ಸ್ಪೆಕ್ಟ್ರೋಮೀಟರನ್ನೇ ಹೊತ್ತು ಅತ್ತಿತ್ತ ಸುಳಿದು, ಸುಮಾರು 1,100 ಮೀಟರ್ ಆಳದಲ್ಲಿ 35 ಕಿಲೋಮೀಟರಿಗೂ ಉದ್ದನೆಯ ತೈಲದ ಪದರವನ್ನು ಗುರುತಿಸಿತು. ದಡ್ಡ ಸೆನ್ಸರ್ ತೋರಿಸಿಕೊಡದೆ ಇದ್ದಿದ್ದರೆ ಬಾಟಲಿಯನ್ನು ಎಲ್ಲಿ ಮುಳುಗಿಸಬೇಕು ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ, ಬಾಟಲಿ ಇಲ್ಲದಿದ್ದರೆ ಸೆನ್ಸರಿನ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಇನ್ನೂ ಜಾಣ ಮೂಗುಗಳೂ ತಯಾರಾಗುತ್ತಿವೆ. ಅವುಗಳಲ್ಲೊಂದರ ಮೂಲ ಕಡಲಿನಲ್ಲೇ ಇದೆ. 1921ರಲ್ಲಿ ಇಂಗ್ಲೆಂಡಿನ ಪಯಣದಲ್ಲಿ ಸಿ.ವಿ. ರಾಮನ್ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಅದು ಬರಿಯ ಆಕಾಶದ ಪ್ರತಿಬಿಂಬವೇ ಎಂದು ಕೇಳಿದರು. ಅಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಆ ಜಾಡು ಹಿಡಿದು ಹೋದದ್ದು 1928ರ ಫೆಬ್ರವರಿ 28ಕ್ಕೆ: ಅಣುವಿಗೆ ತಾಗಿ ಚದುರಿದ ಬೆಳಕಿನಲ್ಲಿ ಒಂದು ಕಿಂಚಿತ್ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಬದಲಾವಣೆ ಅಣುವಿನ ಬೆರಳಚ್ಚು. ಆದರೆ ಆ ಪಾಲು ತೀರಾ ಕ್ಷೀಣ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ, ಒರಟು ಮಾಡಿದ ಬೆಳ್ಳಿಯ ಮೇಲೆ ಕುಳಿತ ಅಣುಗಳ ರಾಮನ್ ಬೆಳಕು ಅನೇಕ ಪಟ್ಟು ಪ್ರಬಲವಾಗಿ ಬರುವುದು ಕಂಡಿತು. ಈಗ ಸಂಶೋಧಕರು ಬೆಳ್ಳಿಯ ಆ ಪದರಕ್ಕೆ ಕ್ಯಾಲಿಕ್ಸರೀನ್ ಎಂಬ ಬಟ್ಟಲಿನಾಕಾರದ ಅಣುಗಳನ್ನು ಸಾಲಾಗಿ ಜೋಡಿಸುತ್ತಾರೆ. ಉಪ್ಪುನೀರಿನಲ್ಲಿ ತೇಲುವ ಪಿಎಎಚ್ ಅಣು, ಎಣ್ಣೆಯ ಸ್ವಭಾವದ ಆ ಬಟ್ಟಲನ್ನು ಕಂಡು ಒಳಗೆ ಇಳಿಯುತ್ತದೆ, ಲೇಸರ್ ಬೆಳಕು ಬಿದ್ದಾಗ ತನ್ನ ಬೆರಳಚ್ಚು ಒತ್ತುತ್ತದೆ. ಎರಡು ಉಂಗುರದ್ದೋ ನಾಲ್ಕರದ್ದೋ ಎಂದು ಬೇರ್ಪಡಿಸಿ ಹೇಳಬಲ್ಲ ಸೆನ್ಸರ್ ಇದು. ಸೊಗಸಾದ ಕೆಲಸ. ಆದರೂ ಈ ಕ್ಷೇತ್ರದ ಪ್ರಬಂಧಗಳನ್ನು ಓದುವಾಗ ಒಂದು ಮುಜುಗರ ಕಾಡುತ್ತದೆ: ಶೀರ್ಷಿಕೆಯಲ್ಲಿರುವ ಕಡಲನೀರು ಎಷ್ಟೋ ಸಲ ಶುದ್ಧ ನೀರಿಗೆ ಉಪ್ಪು ಕಲಸಿ ಮಾಡಿದ್ದು. ಅದರಲ್ಲಿ ಕೆಸರಿಲ್ಲ, ಪಾಚಿಯಿಲ್ಲ, ಮೀನಿನ ದಕ್ಕೆಯ ಲೋಳೆಯಿಲ್ಲ. ನಿಖರತೆಯ ಓಟದಲ್ಲಿ ಇನ್ನೊಂದು ಸೊನ್ನೆ ಸೇರಿಸಿದವರಿಗೆ ಹೆಸರು ಬರುತ್ತದೆ, ಇರುವ ಸಾಧನವನ್ನು ಒಂದು ಮಳೆಗಾಲ ಅಳಿವೆಯಲ್ಲಿ ಉಳಿಸಿಕೊಂಡವರಿಗೆ ಬರುವುದಿಲ್ಲ. ಆಡಳಿತಕ್ಕೂ ಇದು ಅನುಕೂಲವೇ. ತಂತ್ರಜ್ಞಾನ ಇನ್ನೂ ಪಕ್ವವಾಗಿಲ್ಲ ಎಂಬ ಒಂದು ವಾಕ್ಯ ಹತ್ತು ವರ್ಷ ಕಳೆಯಲು ಸಾಕು.

ಸೆನ್ಸರ್ ಸುಳ್ಳು ಎಚ್ಚರಿಕೆ ಕೊಟ್ಟರೆ ಏನು ಗತಿ, ಅದರ ಅಂಕಿ ಕಾನೂನಿನ ಮುಂದೆ ನಿಲ್ಲುವುದೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. 1974ರ ಜಲ ಕಾಯಿದೆಯ ಪ್ರಕಾರ ಮಾದರಿಯನ್ನು ಮಾಲೀಕನಿಗೆ ತಿಳಿಸಿ ತೆಗೆಯಬೇಕು, ಎರಡು ಪಾಲು ಮಾಡಿ ಮೊಹರು ಹಾಕಬೇಕು, ಇಬ್ಬರೂ ಸಹಿ ಮಾಡಬೇಕು. ಕೊಳವೆಯ ತುದಿಯ ಬೆಳಕಿನ ಮಿಣುಕು ಇದಾವುದನ್ನೂ ಮಾಡಲಾರದು. ಒಪ್ಪೋಣ. ಆದರೆ ಮನೆಯ ನಾಯಿ ರಾತ್ರಿ ಬೊಗಳಿತೆಂದು ನಾವು ಯಾರನ್ನೂ ಜೈಲಿಗೆ ಹಾಕುವುದಿಲ್ಲ, ಎದ್ದು ದೀಪ ಹಾಕುತ್ತೇವೆ. ಬಂದವನು ಕಳ್ಳನೋ ನೆಂಟನೋ ನಾಯಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಸೆನ್ಸರಿನ ಕೆಲಸ ಇಷ್ಟೇ ಎಂದು ಒಪ್ಪಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ. ಗೆರೆ ಏರಿದ ಕ್ಷಣ ಪಕ್ಕದ ಪಂಪು ತಾನಾಗಿ ಚಾಲೂ ಆಗಿ ಗಾಜಿನ ಬಾಟಲಿ ತುಂಬಿಡಲಿ, ಅಂಥ ಯಂತ್ರಗಳು ಇವೆ. ಬಾಟಲಿ ಪ್ರಯೋಗಾಲಯಕ್ಕೆ ಹೋಗಲಿ, ಅಧಿಕಾರಿಗಳು ಮೊಹರು ಹಿಡಿದು ಸ್ಥಳಕ್ಕೆ ಬರಲಿ. ಎಲೆರಸದ ಗೊಂದಲಕ್ಕೂ ದಾರಿಯಿದೆ: ಎಲೆರಸ ಮಿನುಗುವ ಬಣ್ಣಕ್ಕೂ ಎಣ್ಣೆ ಮಿನುಗುವ ಬಣ್ಣಕ್ಕೂ ವ್ಯತ್ಯಾಸವಿದೆ, ಎರಡು ಕಣ್ಣಿನ ಸೆನ್ಸರ್ ಇಟ್ಟು, ಜೊತೆಗೆ ನೀರಿನ ಉಪ್ಪಿನಂಶ ಅಳೆದರೆ ಹೊಳೆ ಬಂದದ್ದೋ ಹಡಗು ಬಂದದ್ದೋ ಬಹುಪಾಲು ಗೊತ್ತಾಗುತ್ತದೆ. ಉಳಿದ ತಪ್ಪು ಎಚ್ಚರಿಕೆಗಳಿಗೆ ಒಂದಿಷ್ಟು ಬಾಟಲಿ ವ್ಯರ್ಥವಾಗಬಹುದು. ಏನೂ ಗೊತ್ತಾಗದೆ ಹೋಗುವುದಕ್ಕಿಂತ ಅದು ಅಗ್ಗ.

ಕಡಲು ಸಾಧನಗಳನ್ನು ಬಾಳಗೊಡುವುದಿಲ್ಲ ಎಂಬುದು ಅನುಭವಸ್ಥರ ಮಾತು, ಅದು ಸತ್ಯ. ನಮ್ಮ ಬೆಚ್ಚನೆಯ ನೀರಿನಲ್ಲಿ ಸ್ಫಟಿಕದ ಕಿಟಕಿಯ ಮೇಲೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ. ಲೋಳೆಯ ಮೇಲೆ ಪಾಚಿ, ಪಾಚಿಯ ಮೇಲೆ ಬಾರ್ನಕಲ್ ಎಂಬ ಚಿಪ್ಪುಜೀವಿ, ಕೊನೆಗೆ ಪಚ್ಚಿಲೆ. ಕಾರು ಗಾಜಿನಂತೆ ಕಿಟಕಿಗೂ ವೈಪರ್ ಇದೆ, ತಾಮ್ರದ ಹೊದಿಕೆ ಇದೆ, ಆದರೂ ವಾರ ಎರಡು ವಾರಕ್ಕೊಮ್ಮೆ ಒಬ್ಬರು ಹೋಗಿ ತೊಳೆದು, ಗೊತ್ತಿರುವ ದ್ರಾವಣ ತೋರಿಸಿ ಅಳತೆ ಸರಿ ಮಾಡಲೇಬೇಕು. ಸಾಧನ ಕೊಳ್ಳಲು ಟೆಂಡರ್ ಕರೆಯುವ ಉತ್ಸಾಹ, ತೊಳೆಯುವವರಿಗೆ ಸಂಬಳ ಕೊಡುವಾಗ ಇರುವುದಿಲ್ಲ. ಯೋಜನೆ ಸೋಲುವುದಾದರೆ ಇಲ್ಲೇ ಸೋಲುತ್ತದೆ, ತಂತ್ರಜ್ಞಾನದಲ್ಲಿ ಅಲ್ಲ. ಮಳೆಗಾಲದ ತೂಫಾನಿಗೆ ತೇಲುಬುರುಡೆಗಳು ಕಿತ್ತುಹೋಗುತ್ತವೆ ಎಂಬುದೂ ಇದೇ ಆಕ್ಷೇಪದ ಭಾಗ. ಆದರೆ ಪಶ್ಚಿಮ ಕರಾವಳಿಯ ಅಪಘಾತಗಳ ತಾರೀಖುಗಳನ್ನು ಒಮ್ಮೆ ಸಾಲಾಗಿ ಓದಬೇಕು. ಕಾರವಾರದ ಬಳಿ ಓಷನ್ ಸೆರಾಯಾ ಹಡಗು ಬಂಡೆಗೆ ಬಡಿದದ್ದು 2006ರ ಮೇ ಕೊನೆಯಲ್ಲಿ. ಎಂಟು ಸಾವಿರ ಟನ್ ಉಕ್ಕಿನ ಸುರುಳಿ ಹೊತ್ತ ಪ್ರಿನ್ಸೆಸ್ ಮಿರಾಲ್ ಉಳ್ಳಾಲದ ಆಚೆ ಮುಳುಗಿದ್ದು 2022ರ ಜೂನ್‌ನಲ್ಲಿ. ಎಂಎಸ್‌ಸಿ ಎಲ್ಸಾ 3 ಕೊಚ್ಚಿಯ ಆಚೆ ತಳ ಸೇರಿದ್ದು 2025ರ ಮೇ 25ರಂದು, ಸುಮಾರು 640 ಕಂಟೇನರ್‌ಗಳ ಜೊತೆಗೆ, ಟ್ಯಾಂಕಿನಲ್ಲಿ 367 ಟನ್ ಫರ್ನೆಸ್ ಆಯಿಲ್ ಇಟ್ಟುಕೊಂಡು. ಹದಿನೈದೇ ದಿನಕ್ಕೆ, ಜೂನ್ 9ರಂದು, ಕೇರಳದ ಆಚೆ ವಾನ್ ಹೈ 503 ಹೊತ್ತಿ ಉರಿಯಿತು, ಪಾರಾದ 18 ನಾವಿಕರನ್ನು ನೌಕಾಪಡೆ ಕರೆತಂದದ್ದು ಮಂಗಳೂರಿಗೆ. ಎಲ್ಲವೂ ಮುಂಗಾರಿನ ಹೊಸ್ತಿಲಲ್ಲಿ, ದೋಣಿ ಕಡಲಿಗೆ ಇಳಿಯಲಾಗದ ಅಥವಾ ಇಳಿಯಬಾರದ ಹೊತ್ತಿನಲ್ಲಿ. ಕರ್ನಾಟಕದಲ್ಲಿ ಜೂನ್ ಜುಲೈ ಎರಡೂ ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಾಟಲಿ ಹೋಗಲಾಗದ ಋತುವಿನಲ್ಲೇ ಎಣ್ಣೆ ಬರುತ್ತದೆ ಎಂದ ಮೇಲೆ, ಮೊದಲೇ ಅಲ್ಲಿ ಕೂತಿರುವ ಸಾಧನಕ್ಕೆ ಬದಲಿ ಯಾವುದು? ತೇಲುಬುರುಡೆ ನಿಲ್ಲದಿದ್ದರೆ ಬ್ರೇಕ್‌ವಾಟರಿನ ಕಲ್ಲಿಗೆ, ದಕ್ಕೆಯ ಕಂಬಕ್ಕೆ ಕಟ್ಟಬಹುದು. ನಡುಗಡಲು ಅದರಿಂದ ಕಾಣದು, ದಡ ಕಾಣುತ್ತದೆ.

ಇಷ್ಟೆಲ್ಲ ಯಾಕೆ, ಪಚ್ಚಿಲೆಯನ್ನೇ ಕೇಳಬಾರದೇ ಎನ್ನುವವರಿದ್ದಾರೆ. ಅವರ ಮಾತಿಗೆ ನನ್ನ ಅರ್ಧ ಒಪ್ಪಿಗೆ ಇದೆ. ಚಿಪ್ಪುಜೀವಿ ದಿನವಿಡೀ ನೀರು ಸೋಸುತ್ತ, ಅದರಲ್ಲಿರುವ ಎಣ್ಣೆಯ ಅಣುಗಳನ್ನು ಮೈಯಲ್ಲಿ ಕೂಡಿಡುತ್ತದೆ. ಅದನ್ನೇ ಕಾವಲಿಗೆ ಬಳಸೋಣ ಎಂದು ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಸೂಚಿಸಿದರು, ಅಮೆರಿಕ 1986ರಿಂದ ಆ ಕೆಲಸ ನಡೆಸಿಕೊಂಡು ಬಂದಿದೆ. ಇದೇ ಕೆಲಸ ಮಾಡುವ ಪ್ಲಾಸ್ಟಿಕ್ ಅಥವಾ ಸಿಲಿಕೋನ್ ಪಟ್ಟಿಗಳೂ ಇವೆ, ವಿದ್ಯುತ್ತೂ ಬೇಡ. ಕಡಲ ಜೀವಿಗಳು ರಸಾಯನಶಾಸ್ತ್ರಜ್ಞರಿಗಿಂತ ಮೊದಲು ದೂರು ಕೊಟ್ಟ ಉದಾಹರಣೆಯೂ ಉಂಟು. ಹಡಗಿನ ತಳಕ್ಕೆ ಬಳಿಯುತ್ತಿದ್ದ ಟಿಬಿಟಿ ಎಂಬ ತವರದ ಸಾವಯವ ಸಂಯುಕ್ತ, ಲೀಟರಿಗೆ ಒಂದು ನ್ಯಾನೊಗ್ರಾಂ ಆಸುಪಾಸಿನಲ್ಲೇ ಹೆಣ್ಣು ಬಸವನಹುಳುಗಳಿಗೆ ಗಂಡಿನ ಅಂಗ ಮೂಡಿಸುತ್ತಿತ್ತು. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1970ರಲ್ಲೇ ಅದು ಕಣ್ಣಿಗೆ ಬಿತ್ತು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಾಕಿದ ಸಿಂಪಿಗಳ ಚಿಪ್ಪು ವಿಕಾರವಾಗಿ ಬೆಳೆದು, ಆ ದೇಶ 1982ರಲ್ಲಿ ಸಣ್ಣ ದೋಣಿಗಳಿಗೆ ಆ ಬಣ್ಣ ನಿಷೇಧಿಸಿತು. ಜಾಗತಿಕ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಜೀವಿಯ ಸಾಕ್ಷ್ಯದ ಬಲವೂ ಮಿತಿಯೂ ಇಲ್ಲೇ ಇವೆ. ಅದು ಸುಳ್ಳು ಹೇಳುವುದಿಲ್ಲ, ಆದರೆ ಪೆಟ್ಟು ತಿಂದ ಮೇಲೆ ಹೇಳುತ್ತದೆ. ಪಚ್ಚಿಲೆಯ ಮೈಯಲ್ಲಿ ಸಿಕ್ಕ ವಿಷ ಕಳೆದ ತಿಂಗಳುಗಳ ಮೊತ್ತ, ಯಾವ ರಾತ್ರಿಯ ಎಷ್ಟು ಗಂಟೆಗೆ ಬಂತು ಎಂಬುದಿಲ್ಲ. ಗಂಟೆ ಗೊತ್ತಿಲ್ಲದೆ ಆ ಹೊತ್ತಿಗೆ ಹಾದುಹೋದ ಹಡಗು ಯಾವುದು, ತೆರೆದ ಕೊಳವೆ ಯಾವುದು ಎಂದು ಹುಡುಕುವುದು ಹೇಗೆ? ಮಳೆಗಾಲದ ಶುರುವಿಗೆ ನಮ್ಮ ಮರಳ ದಂಡೆಗೆ ಬಂದು ಬೀಳುವ ಡಾಂಬರು ಉಂಡೆಗಳಿಗೆ ವರ್ಷ ವರ್ಷವೂ ಅಪ್ಪ ಸಿಗದಿರುವುದು ಇದೇ ಕಾರಣಕ್ಕೆ.

ಈಗ ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ: ಸೆನ್ಸರ್ ಯಾರದ್ದು? ಅಂತರರಾಷ್ಟ್ರೀಯ ನಿಯಮದಂತೆ ದೊಡ್ಡ ಹಡಗುಗಳ ಎಂಜಿನ್ ಕೋಣೆಯ ಕೊಳೆನೀರಿನಲ್ಲಿ ಎಣ್ಣೆ ಹತ್ತು ಲಕ್ಷಕ್ಕೆ 15 ಪಾಲು ಮೀರಿದರೆ ಹೊರಬಿಡಬಾರದು, ಅದಕ್ಕೆಂದೇ ಹಡಗಿನಲ್ಲಿ ಎಣ್ಣೆ ಅಳೆಯುವ ಸೆನ್ಸರ್ ಇರುತ್ತದೆ. ಕೆರಿಬಿಯನ್ ಪ್ರಿನ್ಸೆಸ್ ಎಂಬ ಐಷಾರಾಮಿ ಹಡಗಿನ ಎಂಜಿನಿಯರ್‌ಗಳು ಸೆನ್ಸರನ್ನು ತಪ್ಪಿಸುವ ಗುಟ್ಟಿನ ಕೊಳವೆಯಿಂದ ಎಣ್ಣೆನೀರನ್ನು ಕಡಲಿಗೆ ಬಿಟ್ಟು, ಸೆನ್ಸರಿಗೆ ಶುದ್ಧ ಸಮುದ್ರದ ನೀರು ಕುಡಿಸಿ ದಾಖಲೆ ಸರಿದೂಗಿಸುತ್ತಿದ್ದರು. ಹೊಸದಾಗಿ ಸೇರಿದ ಒಬ್ಬ ಎಂಜಿನಿಯರ್ 2013ರಲ್ಲಿ ದೂರು ಕೊಟ್ಟದ್ದರಿಂದ ಬಯಲಾಯಿತು, 2016ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಸೆನ್ಸರ್ ಕೆಟ್ಟಿರಲಿಲ್ಲ, ತನ್ನ ಮುಂದೆ ಹರಿದ ನೀರಿನ ಬಗ್ಗೆ ಸತ್ಯವನ್ನೇ ಹೇಳುತ್ತಿತ್ತು. ನಮ್ಮಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ತೈಲ ಸಂಸ್ಕರಣಾಗಾರಗಳೂ ಸೇರಿ 17 ಬಗೆಯ ಉದ್ಯಮಗಳಿಗೆ ನಿರಂತರ ಅಳತೆಯ ಉಪಕರಣಗಳನ್ನು ಕಡ್ಡಾಯ ಮಾಡಿತು. ಒಳ್ಳೆಯ ಹೆಜ್ಜೆಯೇ. ಆದರೆ ಉಪಕರಣ ಕೊಳ್ಳುವವರೂ ನೋಡಿಕೊಳ್ಳುವವರೂ ಉದ್ಯಮದವರೇ. ಅದು ಅಳೆಯುವುದು ಕೊಳವೆಯ ಬಾಯಿಯನ್ನು, ಕಡಲನ್ನಲ್ಲ. ಕಳ್ಳನ ಮನೆಯಲ್ಲಿ ಕಟ್ಟಿದ ನಾಯಿ ಎನ್ನುವುದು ಕಠಿಣವಾದೀತು, ಎಲ್ಲರೂ ಕಳ್ಳರಲ್ಲ. ಅನ್ನ ಹಾಕುವವರ ಮನೆಯ ನಾಯಿ ಎಂದರೆ ಸರಿಹೋದೀತು. ಕೊಳವೆಯ ಆಚೆ, ಯಾರ ಕಾಂಪೌಂಡಿಗೂ ಸೇರದ ನೀರಿನಲ್ಲಿ, ಸಾರ್ವಜನಿಕ ಸಂಸ್ಥೆಯೊಂದು ಇಟ್ಟ ಸೆನ್ಸರ್ ಇರಬೇಕು ಎನ್ನುವುದು ಇದಕ್ಕೇ.

ಕಚ್ಚಾ ಅಂಕಿಗಳನ್ನು ಜನರ ಮುಂದೆ ಇಟ್ಟರೆ ಗಾಬರಿ ಹಬ್ಬುತ್ತದೆ, ಮೀನಿನ ಪೇಟೆ ಬೀಳುತ್ತದೆ ಎಂದು ಅಧಿಕಾರಿಗಳು ಹೇಳಬಹುದು. ಅಂಕಿ ಇಲ್ಲದಾಗ ಏನಾಯಿತು ನೋಡೋಣ. ಎಲ್ಸಾ 3 ಮುಳುಗಿದಾಗ ಮೀನು ತಿನ್ನಬಹುದೇ ಎಂಬ ಒಂದೇ ಪ್ರಶ್ನೆ ಕೇರಳದ ಮನೆಮನೆಯಲ್ಲಿ ಎದ್ದಿತು, ಅಂಜಿಕೆಗೆ ವ್ಯಾಪಾರ ಕುಸಿಯಿತು, ತಿನ್ನಬಹುದು ಎಂಬ ಭರವಸೆಯ ಮಾತುಗಳನ್ನು ಜನ ಅರ್ಧ ಮನಸ್ಸಿನಿಂದ ಕೇಳಿದರು. 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಢಿಕ್ಕಿಯಾದಾಗ, ಬಂದರಿನ ಮೊದಲ ಪ್ರಕಟಣೆಯಲ್ಲಿ ತೈಲ ಮಾಲಿನ್ಯ ಆಗಿಲ್ಲವೆಂದಿತ್ತು. ಕೆಲವೇ ದಿನಗಳಲ್ಲಿ ಜನ ಬಕೆಟ್ ಹಿಡಿದು ದಡದ ಎಣ್ಣೆ ಮೊಗೆಯುತ್ತಿದ್ದ ಚಿತ್ರಗಳು ದೇಶವೆಲ್ಲ ಹರಡಿದವು. ಒಮ್ಮೆ ಹೀಗಾದ ಮೇಲೆ ಮುಂದಿನ ಸಲ ನಿಜವಾಗಿಯೂ ಏನೂ ಆಗದಿದ್ದರೂ ಆ ಮಾತನ್ನು ನಂಬುವವರಿಲ್ಲ. ದಿನವೂ ಕಾಣುವ ಅಂಕಿ ಜನರಿಗೆ ರೂಢಿಯಾಗುತ್ತದೆ. ಅಣೆಕಟ್ಟೆಯ ನೀರಿನ ಮಟ್ಟವನ್ನು ಮಂಡ್ಯದ ರೈತರು ಪತ್ರಿಕೆಯಲ್ಲಿ ಓದಿ ಗಾಬರಿಬಿದ್ದು ಓಡುವುದಿಲ್ಲ, ಯಾವ ಮಟ್ಟಕ್ಕೆ ಏನು ಅರ್ಥ ಎಂದು ಅವರಿಗೆ ಗೊತ್ತಿದೆ. ಹಾಗೆಯೇ ಮಲ್ಪೆಯ ಮೀನುಗಾರರಿಗೆ ತಮ್ಮ ನೀರಿನ ಗೆರೆ ಯಾವಾಗ ಮಾಮೂಲು, ಯಾವಾಗ ಅಲ್ಲ ಎಂಬುದು ಒಂದು ಮಳೆಗಾಲದಲ್ಲಿ ತಿಳಿಯುತ್ತದೆ. ಹಡಗಿನ ಕಂಪನಿಯಿಂದ ಪರಿಹಾರ ಕೇಳುವಾಗಲೂ ಅಪಘಾತಕ್ಕೆ ಮೊದಲು ನೀರು ಹೇಗಿತ್ತು ಎಂಬ ದಾಖಲೆ ಇಲ್ಲದಿದ್ದರೆ ವಾದ ಅಲ್ಲೇ ಕುಂಟುತ್ತದೆ.

ಕರ್ನಾಟಕದ ಮುನ್ನೂರು ಕಿಲೋಮೀಟರ್ ಆಸುಪಾಸಿನ ಕರಾವಳಿ ದೊಡ್ಡದೇನಲ್ಲ, ಆದರೆ ಹೊತ್ತಿರುವ ಭಾರ ಸಣ್ಣದಲ್ಲ. ಪಣಂಬೂರಿನ ಸುತ್ತ ಬಂದರು, ತೈಲ ಸಂಸ್ಕರಣಾಗಾರ, ರಸಗೊಬ್ಬರ ಕಾರ್ಖಾನೆ ಒಟ್ಟಿಗಿವೆ. ದೇಶದ ತುರ್ತು ಬಳಕೆಗೆಂದು ಮಂಗಳೂರಿನ ಬಂಡೆಯೊಳಗೆ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಸಂಗ್ರಹಿಸುವ ಗುಹೆಗಳಿವೆ, ಆ ತೈಲ ಬರುವುದು ಕಡಲ ಮೇಲಿಂದ. ಹೊಸ ಸಂಸ್ಥೆಯನ್ನೇನೂ ಕಟ್ಟಬೇಕಿಲ್ಲ. ಕರಾವಳಿಯ ನೀರಿನ ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಕಾರ್ಯಕ್ರಮ 1990ರ ದಶಕದ ಆರಂಭದಿಂದ ಇದೆ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಕೊಚ್ಚಿ ಮತ್ತು ವಿಶಾಖಪಟ್ಟಣದ ಬಳಿ ನೀರಿನ ಗುಣಮಟ್ಟ ಅಳೆಯುವ ತೇಲುಬುರುಡೆಗಳನ್ನು ಇಳಿಸಿದೆ, ತೈಲ ಸೋರಿದರೆ ಯಾವ ಕಡೆ ಸಾಗೀತು ಎಂದು ಲೆಕ್ಕ ಹಾಕಿಯೂ ಕೊಡುತ್ತದೆ. ಪಣಂಬೂರಿನ ಬ್ರೇಕ್‌ವಾಟರ್, ಬೆಂಗರೆಯ ಅಳಿವೆ, ಮಲ್ಪೆಯ ದಕ್ಕೆ, ಕಾರವಾರದ ಬಂದರು, ಹೀಗೆ ನಾಲ್ಕು ಕಡೆ ಎರಡು ಕಣ್ಣಿನ ಸೆನ್ಸರ್, ಪಕ್ಕದಲ್ಲೊಂದು ತಾನೇ ತುಂಬಿಕೊಳ್ಳುವ ಬಾಟಲಿ, ತೊಳೆಯಲು ಸಂಬಳದ ಒಬ್ಬರು. ಮೊದಲಿಗೆ ಇಷ್ಟು ಸಾಕು. ಯಾವ ದಿಕ್ಕಿನಲ್ಲಿ ಮೀನು ಸಿಕ್ಕೀತು ಎಂದು ಇಂಕಾಯ್ಸ್ ನಮ್ಮ ಮೀನುಗಾರರಿಗೆ ಈಗಾಗಲೇ ಕನ್ನಡದಲ್ಲಿ ಮಾಹಿತಿ ಕಳಿಸುತ್ತಿದೆ. ಆ ನೀರು ಹೇಗಿದೆ ಎಂದು ಹೇಳುವ ಒಂದು ಸಾಲಿಗೆ ಅದರಲ್ಲಿ ಜಾಗವಿದೆ.